ಆ ನಂಬರ್ ಯಾರದು? ಆಸ್ಪತ್ರೆಯ ಪೋರ್ಟಲ್ ಮೂಲಕ ಸಂಶೋಧನೆಗೆ ಜನರನ್ನು ಕರೆಯುವ ಬಗೆ

ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ರಿಸರ್ಚ್ ಕೋಆರ್ಡಿನೇಟರ್. ಅದಕ್ಕೂ ಮೊದಲು ಎಂಟು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಸದ್ಯ ಸಕ್ಕರೆ ಕಾಯಿಲೆ ಇರುವವರ ಪಾದದ ಬಗ್ಗೆ ಒಂದು ಅಧ್ಯಯನ ನೋಡಿಕೊಳ್ಳುತ್ತಿದ್ದೇನೆ. ಸಿಂಧನೂರು, ಮಾನ್ವಿ, ಸಿರವಾರ ಕಡೆ ಭತ್ತದ ಗದ್ದೆಯಲ್ಲಿ ಬರಿಗಾಲಲ್ಲೇ ಕೆಲಸ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಗಾಯ ಕೀವಾದ ಮೇಲೆ ಬರುತ್ತಾರೆ. ಬೆರಳು ತೆಗೆಯುವ ಹಂತಕ್ಕೆ ಬಂದವರಿಗೆ ವಾರ್ಡಿನಲ್ಲಿ ಎಷ್ಟೋ ಸಲ ಡ್ರೆಸ್ಸಿಂಗ್ ಮಾಡಿದ್ದೇನೆ. ಈ ಅಧ್ಯಯನ ಸರಿಯಾಗಿ ಆಗಬೇಕು ಅನ್ನೋದು ನನ್ನ ಆಸೆ. ಅದಕ್ಕೆ ಸರಿಯಾದ ಜನ ಸಿಗಬೇಕು.

ಮುಂಚೆ ನಾವು ಓಪಿಡಿ ಬಾಗಿಲಲ್ಲಿ ನಿಂತು ಚೀಟಿ ನೋಡಿ ಒಬ್ಬೊಬ್ಬರನ್ನೇ ಕೇಳುತ್ತಿದ್ದೆವು. ಈಗ ಆಸ್ಪತ್ರೆಗೆ ರೋಗಿಗಳ ಪೋರ್ಟಲ್ ಇದೆ. ನಮ್ಮ ಜನ ಅದನ್ನು ಪೋರ್ಟಲ್ ಅನ್ನುವುದಿಲ್ಲ, 'ರಿಪೋರ್ಟ್ ಬರೋದು' ಅನ್ನುತ್ತಾರೆ. ಮೊಬೈಲ್ ನಂಬರ್ ಹಾಕಿ, ಓಟಿಪಿ ಕೊಟ್ಟು ಒಳಗೆ ಹೋದರೆ ಲ್ಯಾಬ್ ರಿಪೋರ್ಟ್ ಕಾಣುತ್ತದೆ. ಅದೇ ಜಾಗಕ್ಕೆ ಒಂದು ಪತ್ರ ಕಳಿಸಿ 'ಸಂಶೋಧನೆಗೆ ಬರುತ್ತೀರಾ' ಎಂದು ಕೇಳಬಹುದು. ಅಮೆರಿಕದ ದೊಡ್ಡ ಆಸ್ಪತ್ರೆಗಳು ಮೈಚಾರ್ಟ್ ಎಂಬ ಪೋರ್ಟಲ್‌ನಲ್ಲಿ ಇದನ್ನು ಮಾಡುತ್ತಾ ಬಂದಿವೆ. ಖರ್ಚು ಕಡಿಮೆ, ಒಂದೇ ದಿನದಲ್ಲಿ ನೂರಾರು ಜನರನ್ನು ಮುಟ್ಟಬಹುದು. ಆದರೆ ಅಲ್ಲಿ ಒಬ್ಬರಿಗೆ ಒಂದು ಖಾತೆ. ಇಲ್ಲಿ ಒಂದು ನಂಬರಿಗೆ ಇಡೀ ಮನೆ. ಇದೊಂದನ್ನು ನಾನು ತಡವಾಗಿ ಅರ್ಥ ಮಾಡಿಕೊಂಡೆ.

ನಮ್ಮ ಮೊದಲ ಎಸ್ಸೆಮ್ಮೆಸ್ ನಾನೇ ಬರೆದದ್ದು. 'ಸಕ್ಕರೆ ಕಾಯಿಲೆ ಇರುವವರ ಪಾದದ ಅಧ್ಯಯನಕ್ಕೆ ನಿಮಗೆ ಆಹ್ವಾನ' ಅಂತ ಶುರುವಾಗುತ್ತಿತ್ತು. ಸಂಶೋಧನೆಗೆ ಅನುಮತಿ ಕೊಡುವ ಆಸ್ಪತ್ರೆಯ ನೈತಿಕ ಸಮಿತಿಯಲ್ಲೂ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಕಳಿಸಿ ಎಂಟು ದಿನ ಆಗಿರಬೇಕು, ಸಿಂಧನೂರು ಕಡೆಯ ಒಬ್ಬ ಹೆಣ್ಣುಮಗಳು ನನ್ನ ಟೇಬಲ್ ಮುಂದೆ ಬಂದು ಕುಳಿತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅಕ್ಕಾರ, ನನ್ನ ಬ್ಯಾನಿ ವಿಷ್ಯ ನಾ ಮನ್ಯಾಗ ಹೇಳಿದ್ದಿಲ್ರಿ. ನಿಮ್ಮ ಮೆಸೇಜೇ ಹೇಳಿಬಿಡ್ತು." ತವರಿಗೆ ಹೋದಾಗ ಅವ್ವನ ಜೊತೆ ಬಂದು ತೋರಿಸಿಕೊಂಡಿದ್ದಳು. ಕೌಂಟರಿನಲ್ಲಿ ನಂಬರ್ ಕೇಳಿದಾಗ ಬಾಯಿಪಾಠ ಇದ್ದದ್ದು ಮೈದುನನ ನಂಬರ್ ಒಂದೇ. ಅವನು ಫೋನ್ ತೆರೆಯುವುದೂ ಬೇಕಾಗಿರಲಿಲ್ಲ, ಲಾಕ್ ಆಗಿದ್ದ ಪರದೆ ಮೇಲೆಯೇ ಎಲ್ಲ ಕಾಣುತ್ತಿತ್ತು.

ಅವತ್ತೇ ಕಳಿಸುವುದನ್ನು ನಿಲ್ಲಿಸಿದೆವು. ಏನಾಯಿತು ಎಂದು ನೈತಿಕ ಸಮಿತಿಗೆ ಬರೆದು ಕೊಟ್ಟೆವು. ಇಂಥದ್ದು ಆದಾಗ ಬಚ್ಚಿಡಬಾರದು. ಪತ್ರ, ಎಸ್ಸೆಮ್ಮೆಸ್, ಪಟ್ಟಿ ಮಾಡುವ ರೀತಿ ಎಲ್ಲವನ್ನೂ ಮತ್ತೆ ಬರೆದೆವು. ಕೆಳಗೆ ಹೇಳುವುದು ಆ ಎರಡನೇ ಸಲದ ರೀತಿ.

ಮೊದಲು ಕಾಗದದ ಕೆಲಸ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಓದದೆ ಇದಕ್ಕೆ ಕೈ ಹಾಕಬೇಡಿ. ಜನರನ್ನು ಹೇಗೆ ಕರೆಯುತ್ತೀರಿ, ಯಾವ ಮಾತಿನಲ್ಲಿ ಕರೆಯುತ್ತೀರಿ ಎಂಬುದನ್ನೂ ಸಮಿತಿ ನೋಡಬೇಕು. ಇಂಗ್ಲಿಷ್ ಕರಡು ಕೊಟ್ಟು 'ಕನ್ನಡ ಆಮೇಲೆ ಮಾಡಿಸುತ್ತೇವೆ' ಅನ್ನಬೇಡಿ. ಕನ್ನಡದ ಎಸ್ಸೆಮ್ಮೆಸ್, ಪೋರ್ಟಲ್ ಒಳಗಿನ ಪತ್ರ, ನೆನಪೋಲೆ, ಫೋನಿನಲ್ಲಿ ಮಾತಾಡುವ ಮಾತು, ಎಲ್ಲವನ್ನೂ ಕೊಡಿ. ಅದರ ಜೊತೆ ಲಾಕ್ ಆದ ಫೋನಿನ ಮೇಲೆ ಆ ಎಸ್ಸೆಮ್ಮೆಸ್ ಹೇಗೆ ಕಾಣುತ್ತದೆ ಎಂಬುದರ ಫೋಟೋ ತೆಗೆದು ಇಡಿ. ನಮ್ಮ ಕಡತದಲ್ಲಿ ಈಗ ಅದು ಇರುತ್ತದೆ.

ಹೊಸ ಔಷಧಿ ಅಥವಾ ಚಿಕಿತ್ಸೆಯ ಪ್ರಯೋಗ ಆದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಸಿಟಿಆರ್‌ಐ ಎಂಬ ದೇಶದ ಪ್ರಯೋಗಗಳ ದಾಖಲೆಯಲ್ಲಿ ನೋಂದಣಿ ಆಗಿರಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ನೋಂದಣಿ ಮಾಡಲು ಅವಕಾಶವಿಲ್ಲ. ನಮ್ಮದು ಬರೀ ನೋಡಿ ಬರೆದುಕೊಳ್ಳುವ ಅಧ್ಯಯನ, ಆದರೂ ನೋಂದಣಿ ಮಾಡಿಸಿದೆವು.

ಇನ್ನೊಂದು ಮಾತು. ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಆಭಾ ಸಂಖ್ಯೆ ಇದೆ, 14 ಅಂಕಿ ಸಿಕ್ಕಿದೆ ಅಂದ ಮಾತ್ರಕ್ಕೆ ಸಂಶೋಧನೆಗೆ ಒಪ್ಪಿಗೆ ಸಿಕ್ಕಂತೆ ಅಲ್ಲ. ಓಪಿಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ತೆಗೆದುಕೊಂಡವರು ಟೋಕನ್‌ಗಾಗಿ ಹೆಸರು, ನಂಬರ್ ಕೊಟ್ಟಿದ್ದಾರೆ, ಅಷ್ಟೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಇದೇ ದಾರಿಯಲ್ಲಿದೆ: ಒಪ್ಪಿಗೆ ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕು, ಸಂವಿಧಾನದ ಎಂಟನೇ ಅನುಸೂಚಿಯ (ಕನ್ನಡವೂ ಸೇರಿದ) ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲು ಬರಬೇಕು.

ಪಟ್ಟಿ ಮಾಡುವುದು

ಪಟ್ಟಿಯನ್ನು ಸಂಶೋಧಕರು ಮಾಡಬಾರದು. ಆಸ್ಪತ್ರೆಯ ದಾಖಲೆ ವಿಭಾಗದವರು ಮಾಡಲಿ, ಪತ್ರ ರೋಗಿಯನ್ನು ನೋಡುವ ಡಾಕ್ಟರ ಹೆಸರಲ್ಲೇ ಹೋಗಲಿ. ರೋಗಿ 'ಮಾತಾಡೋಣ' ಅಂದ ಮೇಲೆಯೇ ಹೆಸರು ನನ್ನ ಕೈಗೆ ಬರಬೇಕು. ಅಪರಿಚಿತರು ಫೋನ್ ಮಾಡಿ 'ನಿಮಗೆ ಸಕ್ಕರೆ ಕಾಯಿಲೆ ಇದೆಯಲ್ವಾ' ಅಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ.

ದಾಖಲೆಯಲ್ಲಿ 'ಕಾಯಿಲೆ' ಎಂಬ ಕಾಲಂ ನಂಬಿ ಕೂರಬೇಡಿ. ಒಬ್ಬರು ಶುಗರ್ ಅಂತ ಬರೆದಿರುತ್ತಾರೆ, ಇನ್ನೊಬ್ಬರು ಡಿಎಂ, ಮತ್ತೊಬ್ಬರು ಏನೂ ಬರೆದಿರುವುದಿಲ್ಲ. ಲ್ಯಾಬ್ ಸಂಖ್ಯೆಯಿಂದ ಹುಡುಕುವುದು ವಾಸಿ. ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಶೇ. 6.5 ಅಥವಾ ಅದಕ್ಕಿಂತ ಜಾಸ್ತಿ ಇದ್ದವರನ್ನು ಮೊದಲು ತೆಗೆಯಿರಿ. ಆದರೆ ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ. ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಾಗಾಗಿ ಅವರ ಹಿಮೋಗ್ಲೋಬಿನ್ ಮತ್ತು ಊಟಕ್ಕೆ ಮುಂಚಿನ ಸಕ್ಕರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತಾರೆ.

ವಯಸ್ಸಿನದ್ದೂ ಅಷ್ಟೇ. ಪಟ್ಟಿಯಲ್ಲಿ ಸಾಲುಸಾಲಾಗಿ ಜೂನ್ 1, ಜನವರಿ 1 ಅಂತ ಹುಟ್ಟಿದ ದಿನ ಬರುತ್ತದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದು, ಆಧಾರ್ ಮಾಡಿಸುವಾಗ ಅಂದಾಜಿಗೆ ಹಾಕಿದ್ದು. 40ರಿಂದ 65 ಅಂತ ನಿಮ್ಮ ಮಿತಿ ಇದ್ದರೆ ಪಟ್ಟಿಯಲ್ಲಿ ಎರಡೂ ಕಡೆ ಒಂದೆರಡು ವರ್ಷ ಸಡಿಲ ಬಿಡಿ. ಫೋನಿನಲ್ಲಿ ಮಾತಾಡುವಾಗ 'ನಿಮ್ಮ ಮದುವೆ ಯಾವಾಗ ಆಯ್ತಮ್ಮ, ಮೊದಲ ಮಗು ಯಾವಾಗ' ಎಂದು ಕೇಳಿ ಲೆಕ್ಕ ಹಾಕಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಪಟ್ಟಿಯನ್ನು ಹೆಸರಿನ ಪ್ರಕಾರ ಬಿಟ್ಟು ಮೊಬೈಲ್ ನಂಬರಿನ ಪ್ರಕಾರ ಜೋಡಿಸಿ. ಇಡೀ ಆಸ್ಪತ್ರೆಯ ದಾಖಲೆಯಲ್ಲಿ ಒಂದೇ ನಂಬರ್ ಎರಡು ಹೆಸರಿಗೆ ಬಂದರೆ ಆ ಸಾಲುಗಳನ್ನು ಬೇರೆ ಹಾಳೆಗೆ ಹಾಕಿ. ಅವರಿಗೆ ಪೋರ್ಟಲ್‌ನಿಂದ ಏನೂ ಕಳಿಸಬೇಡಿ. ಮುಂದಿನ ಸಲ ಓಪಿಡಿಗೆ ಬಂದಾಗ ಎದುರಿಗೆ ಕೂರಿಸಿಕೊಂಡು ಕೇಳಿ. ಮೊದಲ ಸಲ ಇದನ್ನು ಮಾಡಿದಾಗ ದಾಖಲೆ ವಿಭಾಗದವರಿಗೆ ಒಂದು ನಂಬರಿನ ಕೆಳಗೆ ಏಳು ಹೆಸರು ಸಿಕ್ಕವು, ಬೇರೆ ಬೇರೆ ಮನೆತನದವು. ವಿಚಾರಿಸಿದರೆ ಅದು ಊರಿನ ಆಶಾ ಅಕ್ಕನ ನಂಬರ್. ಯಾರ ಹತ್ತಿರ ಫೋನ್ ಇಲ್ಲವೋ ಅವರಿಗೆಲ್ಲ ಆಕೆಯೇ ನಂಬರ್ ಕೊಟ್ಟಿದ್ದಾಳೆ. ಆಕೆ ಮಾಡಿದ್ದು ಒಳ್ಳೆಯ ಕೆಲಸವೇ. ಪಟ್ಟಿ ಮಾಡುವವರಿಗೆ ಅದು ಗೊತ್ತಿರಬೇಕು.

ಎಚ್‌ಐವಿ, ಕ್ಷಯ, ಮಾನಸಿಕ ಕಾಯಿಲೆ, ಗರ್ಭಪಾತ ಇಂಥ ವಿಷಯಗಳಿಗೆ ಪೋರ್ಟಲ್ ಬಳಸಲೇಬೇಡಿ ಎಂದು ನಾನು ಹೇಳುತ್ತೇನೆ. ಎಚ್‌ಐವಿ ವಿಷಯ ಬಯಲಾಗದಂತೆ ಕಾಯಲು 2017ರ ಕಾಯ್ದೆಯೇ ಇದೆ. ಉಳಿದವುಗಳಲ್ಲೂ ಒಂದು ಸಾಲು ತಪ್ಪು ಕೈಗೆ ಹೋದರೆ ಒಬ್ಬ ಹೆಣ್ಣುಮಗಳ ಬದುಕು ಏರುಪೇರಾಗುತ್ತದೆ.

70 ಅಕ್ಷರದ ಎಸ್ಸೆಮ್ಮೆಸ್

ಪೋರ್ಟಲ್‌ನಲ್ಲಿ ಪತ್ರ ಇಟ್ಟರೆ ಸಾಲದು. ಯಾರೂ ಸುಮ್ನೆ ಅದನ್ನು ತೆರೆದು ನೋಡುವುದಿಲ್ಲ. ಬಾಗಿಲು ತಟ್ಟುವುದಕ್ಕೆ ಒಂದು ಎಸ್ಸೆಮ್ಮೆಸ್ ಬೇಕು. ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದ ಪ್ರಕಾರ ಅದರ ಮಾದರಿಯನ್ನು ಮೊದಲೇ ಡಿಎಲ್‌ಟಿ ಎಂಬ, ಮೊಬೈಲ್ ಕಂಪನಿಗಳ ಜಾಲತಾಣದಲ್ಲಿ ನೋಂದಾಯಿಸಬೇಕು, ಆಮೇಲೆ ಒಂದು ಪದ ಬದಲಾಯಿಸಲೂ ಬರುವುದಿಲ್ಲ. ಅದಕ್ಕೇ ನಿಧಾನವಾಗಿ ಬರೆಯಿರಿ.

ಕನ್ನಡದ ಎಸ್ಸೆಮ್ಮೆಸ್ ಒಂದಕ್ಕೆ 70 ಅಕ್ಷರ ಮಾತ್ರ. ಇಂಗ್ಲಿಷಿಗೆ 160. ಅಷ್ಟೇ ಅಲ್ಲ, ಒತ್ತು, ದೀರ್ಘ, ಕೊಂಬು ಎಲ್ಲವೂ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ. 'ಆಸ್ಪತ್ರೆ' ಕಣ್ಣಿಗೆ ಮೂರಕ್ಷರ, ಎಣಿಕೆಯಲ್ಲಿ ಎಂಟು. 70 ದಾಟಿದರೆ ಎರಡು ಎಸ್ಸೆಮ್ಮೆಸ್ ದುಡ್ಡು, ಹಳೇ ಬಟನ್ ಫೋನಿನಲ್ಲಿ ಕೆಲವು ಸಲ ಎರಡು ತುಂಡಾಗಿ ಬರುತ್ತದೆ, ಮುಂದಿನದು ಮೊದಲು ಬಂದರೆ ಏನೂ ಅರ್ಥವಾಗುವುದಿಲ್ಲ. ನಾವು ಕೊನೆಗೆ ಇಟ್ಟುಕೊಂಡದ್ದು ಇದು:

'ನಿಮ್ಮ ಖಾತೆಯಲ್ಲಿ ಆಸ್ಪತ್ರೆಯ ಪತ್ರವಿದೆ. ರಿಪೋರ್ಟ್ ಬಗ್ಗೆ ಅಲ್ಲ. ಬಿಡುವಾದಾಗ ಓದಿ'

ಕೊನೆಗೆ ಪೂರ್ಣವಿರಾಮ ಇಟ್ಟರೆ 71 ಆಗುತ್ತಿತ್ತು. ತೆಗೆದೆವು, ಸರಿಯಾಗಿ 70 ಆಯಿತು. ಕಾಯಿಲೆಯ ಹೆಸರಿಲ್ಲ, ರೋಗಿಯ ಹೆಸರಿಲ್ಲ, ಸಂಶೋಧನೆ ಎಂಬ ಮಾತೂ ಇಲ್ಲ. 'ರಿಪೋರ್ಟ್ ಬಗ್ಗೆ ಅಲ್ಲ' ಎಂಬುದನ್ನು ಮಾತ್ರ ನಾನು ಹಟ ಹಿಡಿದು ಉಳಿಸಿದೆ. ಆಸ್ಪತ್ರೆಯಿಂದ ಪತ್ರ ಬಂದಿದೆ ಅಂದರೆ ನಮ್ಮ ಜನ ಮೊದಲು ಎಣಿಸುವುದು ರಿಪೋರ್ಟಿನಲ್ಲಿ ಏನೋ ಕೆಟ್ಟದ್ದು ಬಂದಿದೆ ಅಂತ. ರಾತ್ರಿಯೆಲ್ಲ ನಿದ್ದೆ ಬಿಟ್ಟು ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಬಂದವರಿದ್ದಾರೆ.

ಲಿಂಕ್ ಹಾಕಲಿಲ್ಲ. ಲಿಂಕ್ ಒತ್ತಿ ದುಡ್ಡು ಕಳೆದುಕೊಂಡ ಸುದ್ದಿ ಪ್ರತಿ ಊರಲ್ಲೂ ಇದೆ, ಒತ್ತಬೇಡಿ ಅಂತ ನಾವೇ ಮನೆಯ ಹಿರಿಯರಿಗೆ ಹೇಳುತ್ತೇವೆ. ಅವರು ಯಾವಾಗಲೂ ರಿಪೋರ್ಟ್ ನೋಡುವ ಜಾಗದಲ್ಲೇ ಪತ್ರ ಇರಲಿ. ಮತ್ತು ಪತ್ರದೊಳಗೆ ಓಪಿಡಿ ಚೀಟಿಯ ಮೇಲೆ ಅಚ್ಚಾಗಿರುವ ಅದೇ ಫೋನ್ ನಂಬರ್ ಕೊಡಿ. ಅನುಮಾನ ಬಂದವರು ಚೀಟಿ ತೆಗೆದು ತಾಳೆ ನೋಡಬಹುದು. ಓಟಿಪಿ, ಬ್ಯಾಂಕಿನ ವಿವರ ನಾವು ಕೇಳುವುದಿಲ್ಲ ಎಂದು ಒಂದು ಸಾಲು ಇರಲಿ.

ಪೋರ್ಟಲ್ ಒಳಗಿನ ಪತ್ರ

ಇಲ್ಲಿ ಜಾಗ ಇದೆ, ಹಾಗಂತ ಎರಡು ಪುಟ ಬರೆಯಬೇಡಿ. ನಮ್ಮ ಪತ್ರ ಇದು (ಡಾಕ್ಟರ ಹೆಸರು, ಫೋನ್ ನಂಬರ್, ಓಟಿಪಿಯ ಸಾಲು ಇದರ ಕೆಳಗೆ ಬರುತ್ತವೆ):

'ನಮಸ್ಕಾರ. ಈ ಪತ್ರ ನಿಮ್ಮ ರಿಪೋರ್ಟ್ ಬಗ್ಗೆ ಅಲ್ಲ. ನಮ್ಮ ಆಸ್ಪತ್ರೆಯಲ್ಲಿ ಪಾದದ ಆರೋಗ್ಯದ ಬಗ್ಗೆ ಒಂದು ಸಂಶೋಧನೆ ನಡೆಯುತ್ತಿದೆ. ಇಲ್ಲಿ ತೋರಿಸಿಕೊಂಡವರಲ್ಲಿ ಕೆಲವರನ್ನು ಕೇಳುತ್ತಿದ್ದೇವೆ. ಒಂದು ಸಲ ಬಂದರೆ ಸಾಕು, ಸುಮಾರು ಒಂದು ಗಂಟೆ ಆಗುತ್ತದೆ. ನೀವು ಕಣ್ಣು ಮುಚ್ಚಿಕೊಂಡು ಕೂರಬೇಕು. ನಾವು ತೆಳ್ಳನೆಯ ನೈಲಾನ್ ಎಳೆಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟುತ್ತೇವೆ. ಮುಟ್ಟಿದ್ದು ಗೊತ್ತಾದಾಗ ಹೇಳಿದರೆ ಆಯಿತು. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ, ಹೊಸ ಮಾತ್ರೆ ಕೊಡುವುದಿಲ್ಲ. ಇದು ಚಿಕಿತ್ಸೆ ಅಲ್ಲ. ಬರುವುದು ಬಿಡುವುದು ನಿಮ್ಮ ಇಷ್ಟ. ಬೇಡ ಅಂದರೂ ನಿಮ್ಮ ಡಾಕ್ಟರು ಎಂದಿನಂತೆಯೇ ನಿಮ್ಮನ್ನು ನೋಡುತ್ತಾರೆ. ಬಂದುಹೋಗುವ ಖರ್ಚು ಕೊಡುತ್ತೇವೆ. ನಿಮ್ಮನ್ನೇ ಯಾಕೆ ಕೇಳಿದೆವು ಎಂಬುದನ್ನು ನೀವು ಮಾತಾಡಿದಾಗ ನಿಮಗೇ ಹೇಳುತ್ತೇವೆ.'

'ಸಂಶೋಧನೆ' ಎಂಬ ಮಾತು ತೆಗೆದುಬಿಡೋಣ, ಜನ ಹೆದರುತ್ತಾರೆ ಎಂದು ನಮ್ಮಲ್ಲಿ ಚರ್ಚೆ ಆಯಿತು. 'ಉಚಿತ ಪಾದ ತಪಾಸಣೆ' ಅಂತ ಹಾಕಿದರೆ ಸಾಲುಗಟ್ಟಿ ಬರುತ್ತಾರೆ, ನನಗೂ ಗೊತ್ತು. ಆದರೆ ಅದು ಮೋಸ. ಚಿಕಿತ್ಸೆ ಅಂದುಕೊಂಡು ಬಂದವರು ಎಳೆ ಮುಟ್ಟಿಸಿ ಕಳಿಸಿದರೆ ಮುಂದೆ ನಮ್ಮ ಮಾತು ನಂಬುತ್ತಾರಾ? ಮಾತು ಉಳಿಸಿ, ಏನು ಮಾಡುತ್ತೀರಿ ಎಂಬುದನ್ನು ಕಣ್ಣಿಗೆ ಕಾಣುವಂತೆ ಹೇಳಿ. 'ನರಗಳ ಸಂವೇದನಾ ಪರೀಕ್ಷೆ' ಅಂದಾಗ ಹೆದರಿದವರೇ 'ಎಳೆಯಿಂದ ಮುಟ್ಟುತ್ತೇವೆ' ಅಂದಾಗ ಬಂದಿದ್ದಾರೆ.

ಖರ್ಚಿನ ಬಗ್ಗೆ ಒಂದು ಮಾತು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ, ಹಾಗಾಗಿ ಅವರಿಗೆ ಖರ್ಚೇ ಇಲ್ಲ ಎಂದು ಲೆಕ್ಕದವರು ಅನ್ನಬಹುದು. ಬಸ್ ನಿಲ್ದಾಣದಿಂದ ಆಟೋ ಇದೆ, ಮಧ್ಯಾಹ್ನದ ಊಟ ಇದೆ, ಆ ದಿನದ ಕೂಲಿ ಹೋಗುತ್ತದೆ. ಅದನ್ನು ಬಜೆಟ್‌ನಲ್ಲಿ ಮೊದಲೇ ಬರೆಯಿರಿ. ಆಸೆ ಹುಟ್ಟಿಸುವಷ್ಟು ಕೊಡಬಾರದು, ಕೈಯಿಂದ ಕಳೆದುಕೊಳ್ಳುವಂತೆಯೂ ಆಗಬಾರದು.

ಪತ್ರದ ಮೇಲೆ ಒಂದು ಧ್ವನಿ ಬಟನ್ ಇಡಿಸಿ. ಓದಲು ಬಾರದವರಿಗೆ ಅದೇ ಪತ್ರ. ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ರಾಯಚೂರಿನ ಮಾತಲ್ಲೇ ಓದಿದರು. ಗದ್ವಾಲ್, ನಾರಾಯಣಪೇಟೆ ಕಡೆಯಿಂದ ಬರುವವರಿಗೆ ತೆಲುಗಿನಲ್ಲಿ, ಊರೊಳಗಿನ ಬಹಳ ಮನೆಗಳಿಗೆ ಉರ್ದುವಿನಲ್ಲಿ ಬೇಕು. ಇವನ್ನೂ ಸಮಿತಿಗೆ ತೋರಿಸಿರಬೇಕು.

ಕೆಳಗೆ ಮೂರು ಬಟನ್: 'ಮಾತಾಡೋಣ', 'ಈ ಸಲ ಬೇಡ', 'ಇಂಥ ಪತ್ರ ಇನ್ನು ಕಳಿಸಬೇಡಿ'. ಮೂರನೆಯದಕ್ಕೆ ಕಾರಣ ಕೇಳಬೇಡಿ. ನೆನಪೋಲೆ ಒಂದೇ ಸಲ, ಹತ್ತು ದಿನ ಬಿಟ್ಟು. ಅದನ್ನು ತಾನಾಗಿ ಹೋಗುವಂತೆ ಇಡಬೇಡಿ, ಪಟ್ಟಿ ನೋಡಿ ಕೈಯಿಂದಲೇ ಕಳಿಸಿ. ಲಿಂಗಸುಗೂರು ಕಡೆಯ ಒಬ್ಬ ಮಗ ಮೊದಲ ಪತ್ರಕ್ಕೇ ಉತ್ತರ ಬರೆದಿದ್ದ: 'ಅವ್ವ ತೀರಿಕೊಂಡು ಆರು ತಿಂಗಳಾಯಿತು'. ಮನೆಯಲ್ಲಿ ತೀರಿಕೊಂಡವರ ಸುದ್ದಿ ಆಸ್ಪತ್ರೆಯ ಕಂಪ್ಯೂಟರಿಗೆ ಬಂದಿರುವುದಿಲ್ಲ. ಅವನ ಉತ್ತರ ಯಾರೂ ಓದುವ ಮೊದಲೇ ನೆನಪೋಲೆ ಹೋಗಿತ್ತು. ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು ಬೈಯಲಿಲ್ಲ, 'ಅವ್ವನ ಹಳೇ ರಿಪೋರ್ಟ್ ಅದರಾಗ ಇರ್ತಾವೇನ್ರಿ, ತಗೀಬ್ಯಾಡ್ರಿ' ಅಂದ. ಕಳಿಸುವ ಪಟ್ಟಿಯಿಂದ ಮಾತ್ರ ಹೆಸರು ತೆಗೆಸಿ, ರಿಪೋರ್ಟ್ ಹಾಗೇ ಇರುವಂತೆ ನೋಡಿಕೊಂಡೆ.

ಯಾವಾಗ ಕಳಿಸಬೇಕು

ಸಂಜೆ ಏಳರ ಮೇಲೆ. ಹಗಲು ಫೋನ್ ಮಗನ ಜೇಬಿನಲ್ಲಿ ಹೊಲದಲ್ಲೋ ಜಿನ್ನಿಂಗ್ ಮಿಲ್ಲಿನಲ್ಲೋ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾದರೆ ಯಾರೂ ಬರುವುದಿಲ್ಲ, ಕೊಯ್ಲಿನಲ್ಲೂ ಅಷ್ಟೇ. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅವರು ಯುಗಾದಿಗೆ, ಊರ ಜಾತ್ರೆಗೆ ವಾಪಸ್ ಬರುತ್ತಾರೆ. ಅದಕ್ಕೆ ಒಂದು ವಾರ ಮುಂಚೆ ಕಳಿಸಿದರೆ ಊರಿಗೆ ಬಂದಾಗ ಆಸ್ಪತ್ರೆಗೂ ಬಂದು ಹೋಗಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಕರೆದರೆ ಬೆಳಿಗ್ಗೆ ಎಂಟಕ್ಕೇ ಕರೆಯಿರಿ. ರಾಯಚೂರಿನ ಬಿಸಿಲಲ್ಲಿ ಮಧ್ಯಾಹ್ನ ಯಾರನ್ನೂ ಬಸ್ ನಿಲ್ದಾಣದಲ್ಲಿ ನಿಲ್ಲಿಸಬಾರದು. ಒಂದೇ ದಿನ ಎಲ್ಲರಿಗೂ ಕಳಿಸಬೇಡಿ, ಉತ್ತರಿಸಿದವರಿಗೆ ಎರಡು ದಿನದೊಳಗೆ ಫೋನ್ ಮಾಡಲು ಆಗುವಷ್ಟೇ ಜನರಿಗೆ ಕಳಿಸಿ.

'ಮಾತಾಡೋಣ' ಅಂದ ಮೇಲೆ

ಆ ಬಟನ್ ಒತ್ತಿದ್ದು ಒಪ್ಪಿಗೆ ಅಲ್ಲ. ಫೋನ್ ಮಾಡಲು ಕೊಟ್ಟ ಅನುಮತಿ. ಫೋನ್ ಎತ್ತಿದವರು ಯಾರು ಎಂದು ಮೊದಲು ತಿಳಿದುಕೊಳ್ಳಿ. 'ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ, ಅಮ್ಮನ ಹತ್ತಿರ ಮಾತಾಡಬಹುದಾ' ಅನ್ನಿ. ಯಾಕೆ ಎಂದು ಮಗ ಕೇಳಿದರೆ 'ಅವರು ನಮಗೆ ಫೋನ್ ಮಾಡಿ ಅಂದಿದ್ದರು, ಅವರಿಗೇ ಹೇಳ್ತೀನಿ' ಅನ್ನಿ. ಅವರು ಬಂದ ಮೇಲೆ 'ಈಗ ಮಾತಾಡಲು ಅನುಕೂಲ ಇದೆಯಾ, ಪಕ್ಕದಲ್ಲಿ ಯಾರಾದರೂ ಇದ್ದಾರಾ' ಎಂದು ಕೇಳಿ. ಬಟನ್ ಒತ್ತಿದ್ದು ಮಗನೇ ಆಗಿದ್ದು ತಾಯಿಗೆ ಏನೂ ಗೊತ್ತಿಲ್ಲದಿದ್ದರೆ ಮೊದಲಿನಿಂದ ಹೇಳಿ. ಆಕೆ ಬೇಡ ಅಂದರೆ ಮಗ ಎಷ್ಟೇ ಒತ್ತಾಯ ಮಾಡಿದರೂ ಬೇಡ.

ನಿಜವಾದ ಒಪ್ಪಿಗೆ ಎದುರಿಗೇ ಆಗಬೇಕು. ಹಾಳೆಯನ್ನು ಓದಿ ಹೇಳಿ, ಪ್ರಶ್ನೆ ಕೇಳಲು ಬಿಡಿ, ಮನೆಗೆ ಹೋಗಿ ಯೋಚಿಸಿ ಬರುತ್ತೇನೆ ಅಂದರೆ ಕಳಿಸಿಕೊಡಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಒಬ್ಬರು ಇರಲೇಬೇಕು. ನಮ್ಮ ತಂಡದವರೇ ಸಾಕ್ಷಿಗೆ ಕೂರುವಂತಿಲ್ಲ.

ಪೋರ್ಟಲ್‌ನಲ್ಲಿ ಇಲ್ಲದವರು

ಪೋರ್ಟಲ್ ಒಂದನ್ನೇ ನಂಬಿದರೆ ನಿಮಗೆ ಸಿಗುವುದು ಊರೊಳಗಿನವರು, ಓದಿದವರು, ಸ್ವಂತ ಫೋನ್ ಇರುವವರು, ಗಂಡಸರು. ಗದ್ದೆಯಲ್ಲಿ ಬರಿಗಾಲಲ್ಲಿ ನಿಲ್ಲುವ ಹೆಂಗಸು ಅಲ್ಲಿ ಇಲ್ಲ. ನಮ್ಮ ಅಧ್ಯಯನ ಇರುವುದೇ ಆಕೆಗಾಗಿ, ಅಲ್ವಾ? ಹಾಗಾಗಿ ಬೇರೆ ಹಾಳೆಗೆ ಹಾಕಿದವರನ್ನು ಓಪಿಡಿಯಲ್ಲಿ ಕೇಳುತ್ತೇವೆ, ಆಶಾ ಅಕ್ಕಂದಿರ ಕೈಯಲ್ಲಿ ಕಾಗದ ಕೊಟ್ಟಿದ್ದೇವೆ, ವಾರಕ್ಕೊಮ್ಮೆ ನಾನೇ ಒಂದು ತಾಲ್ಲೂಕಿಗೆ ಹೋಗುತ್ತೇನೆ. ರಿಜಿಸ್ಟರಿನಲ್ಲಿ ಪ್ರತಿಯೊಬ್ಬರ ಮುಂದೆ ಯಾವ ದಾರಿಯಿಂದ ಬಂದರು, ಯಾವ ತಾಲ್ಲೂಕು, ಗಂಡೋ ಹೆಣ್ಣೋ ಎಂದು ಬರೆಯುತ್ತೇವೆ. ತಿಂಗಳಿಗೊಮ್ಮೆ ಕೂತು ನೋಡುತ್ತೇವೆ. ಎಷ್ಟು ಜನರಿಗೆ ಕಳಿಸಿದಿರಿ, ಎಷ್ಟು ಜನ ತೆರೆದರು, ಎಷ್ಟು ಜನ ಬೇಡ ಅಂದರು, ಈ ಸಂಖ್ಯೆಗಳನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ವರದಿ ಬರೆಯುವಾಗ ಕೇಳುತ್ತಾರೆ, ಆಗ ಹುಡುಕಿದರೆ ಸಿಗುವುದಿಲ್ಲ.

ಕೌಂಟರಿನಲ್ಲೂ ಒಂದು ಬದಲಾವಣೆ ಮಾಡಿಸಿದೆವು. ನಂಬರ್ ಬರೆದುಕೊಳ್ಳುವವರು ಈಗ ಇನ್ನೆರಡು ಪ್ರಶ್ನೆ ಕೇಳುತ್ತಾರೆ: 'ಈ ನಂಬರ್ ಯಾರದು?' 'ಇದಕ್ಕೆ ನಿಮ್ಮ ವಿಷಯ ಕಳಿಸಬಹುದಾ?' ಸಾಲು ಉದ್ದ ಆಗುತ್ತದೆ ಎಂದು ಕೌಂಟರಿನವರು ಮೊದಲು ಬೇಸರ ಪಟ್ಟರು. ಆ ಸಿಂಧನೂರಿನ ಹೆಣ್ಣುಮಗಳ ವಿಷಯ ಹೇಳಿದ ಮೇಲೆ ಒಪ್ಪಿದರು. ಆಕೆ ಹೋದ ತಿಂಗಳು ಮಾತ್ರೆಗೆ ಬಂದಿದ್ದಳು. ನಂಬರ್ ಬದಲಾಯಿಸಿಕೊಡಿ ಅಂದಳು. ಸ್ವಂತ ಫೋನ್ ತೆಗೆದುಕೊಂಡಿದ್ದಾಳೆ, ಚಿಕ್ಕದು, ಬಟನ್‌ದು. ನಂಬರ್ ಇನ್ನೂ ಬಾಯಿಪಾಠ ಆಗಿರಲಿಲ್ಲ, ಬ್ಲೌಸಿನೊಳಗಿಂದ ಒಂದು ಚೀಟಿ ತೆಗೆದು ಕೊಟ್ಟಳು. ನಾನು ಎರಡು ಸಲ ಓದಿ ಹೇಳಿ ದಾಖಲೆಯಲ್ಲಿ ಬದಲಾವಣೆ ಮಾಡಿಸಿದೆ.